ಬರೀ ಲೀಟರ್ ಲೆಕ್ಕ ನೋಡಿ ಕೊಟ್ಟ ರಾಸಾಯನಿಕ ಟ್ಯಾಂಕುಗಳ ಬಗ್ಗೆ ದೂರು

ಇಂದ:
ನಿರ್ವಹಣೆ ಮತ್ತು ಸುರಕ್ಷತಾ ವಿಭಾಗ,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಗೆ:
ವ್ಯವಸ್ಥಾಪಕರು, ಟ್ಯಾಂಕ್ ಸರಬರಾಜು ಸಂಸ್ಥೆ

ವಿಷಯ: ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಮತ್ತು ಸಲ್ಫ್ಯೂರಿಕ್ ಆಸಿಡ್ ಟ್ಯಾಂಕುಗಳನ್ನು ಬದಲಿಸಿಕೊಡುವ ಕುರಿತು

ಮಾನ್ಯರೇ,

ನಮ್ಮ ಖರೀದಿ ಆದೇಶದಲ್ಲಿ ಎರಡು ಟ್ಯಾಂಕಿಗೂ ರಾಸಾಯನಿಕದ ಹೆಸರು ಮತ್ತು ಅದರ ಪ್ರಮಾಣ ಸ್ಪಷ್ಟವಾಗಿತ್ತು: ಶೇ. 12ರ ಸೋಡಿಯಂ ಹೈಪೋಕ್ಲೋರೈಟ್ 3,000 ಲೀಟರ್, ಶೇ. 98ರ ಸಲ್ಫ್ಯೂರಿಕ್ ಆಸಿಡ್ 5,000 ಲೀಟರ್. ನೀವು ಕಳಿಸಿದ್ದರಲ್ಲಿ ಆದೇಶಕ್ಕೆ ಹೊಂದುವುದು ಲೀಟರ್ ಮಾತ್ರ.

ಹೈಪೋ ಟ್ಯಾಂಕು ಎಫ್‌ಆರ್‌ಪಿಯದು, ಅಂದರೆ ಗಾಜಿನ ನಾರಿಗೆ ಪ್ಲಾಸ್ಟಿಕ್ ರೆಸಿನ್ ಸೇರಿಸಿ ಮಾಡಿದ್ದು. ನಾಲ್ಕೇ ತಿಂಗಳಿಗೆ ಒಳಮೈ ಬಿಳಿಚಿಕೊಂಡು ಗಾಜಿನ ನಾರು ಎದ್ದು ಕಾಣುತ್ತಿದೆ. ಕಾರಣ ನಿಮ್ಮದೇ ಪ್ರಮಾಣಪತ್ರದಲ್ಲಿದೆ: ಐಸೋಫ್ತಾಲಿಕ್ ರೆಸಿನ್, ಕೋಬಾಲ್ಟ್ ಸೇರಿಸಿ ಎಂಇಕೆಪಿ ಎಂಬ ಪೆರಾಕ್ಸೈಡ್‌ನಿಂದ ಕ್ಯೂರಿಂಗ್ (ರೆಸಿನ್ ಗಟ್ಟಿಯಾಗಿಸುವುದು). ಹೈಪೋದಲ್ಲಿ ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ಇದ್ದೇ ಇರುತ್ತದೆ. ಅದು ಐಸೋ ರೆಸಿನ್ನಿನ ಎಸ್ಟರ್ ಕೊಂಡಿಗಳನ್ನು ಕಡಿಯುತ್ತದೆ, ನಾರು ಬಯಲಾದ ಮೇಲೆ ಗಾಜನ್ನೂ ತಿನ್ನುತ್ತದೆ. ರೆಸಿನ್ನಿನಲ್ಲಿ ಉಳಿದ ಕೋಬಾಲ್ಟ್ ಹೈಪೋವನ್ನೇ ಒಡೆದು ಆಮ್ಲಜನಕ ಬಿಡಿಸುತ್ತದೆ. ಇದಕ್ಕೆ ವಿನೈಲ್ ಎಸ್ಟರ್ ರೆಸಿನ್, ಕೋಬಾಲ್ಟ್ ಇಲ್ಲದ ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಡಿಎಂಎ (ಡೈಮೀಥೈಲ್ ಅನಿಲೀನ್) ಕ್ಯೂರಿಂಗ್, ಒಳಪದರಕ್ಕೆ ಗಾಜಿನ ವೀಲ್ (ತೆಳು ನಾರಿನ ಹೊದಿಕೆ) ಬದಲು ಸಿಂಥೆಟಿಕ್ ವೀಲ್ ಬೇಕು. ಇದು ದುಬಾರಿ ಎಂದು ಗೊತ್ತಿದ್ದೇ ನಿಮ್ಮ ದರ ಒಪ್ಪಿದ್ದೆವು.

ಅದೇ ಟ್ಯಾಂಕಿನೊಳಗೆ ಎಸ್‌ಎಸ್ 304 ಬೋಲ್ಟ್ ಹಾಕಿದ್ದೀರಿ. ಅವುಗಳ ಮೇಲೆ ಸೂಜಿ ಚುಚ್ಚಿದಂಥ ಗುಂಡಿಗಳು ಬಿದ್ದಿವೆ, ದ್ರವ ಕಂದು ಬಣ್ಣಕ್ಕೆ ತಿರುಗಿದೆ. ಸ್ಟೇನ್‌ಲೆಸ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಹೈಪೋಗೆ ತಡೆಯುವುದಿಲ್ಲ. ಹೊರದಾರಿಯಲ್ಲಿ ಸಾದಾ ಬಾಲ್ ವಾಲ್ವ್ ಇದೆ. ವಾಲ್ವ್ ಮುಚ್ಚಿದಾಗ ಚೆಂಡಿನ ತೂತಿನಲ್ಲಿ ಸಿಕ್ಕಿಬಿದ್ದ ಹೈಪೋ ಒಡೆಯುತ್ತಲೇ ಇರುತ್ತದೆ. ಅನಿಲಕ್ಕೆ ದಾರಿಯಿಲ್ಲದೆ ಒತ್ತಡ ಏರಿ ವಾಲ್ವ್ ಸಿಡಿಯಬಹುದು. ಚೆಂಡಿನಲ್ಲಿ ಟ್ಯಾಂಕಿನ ಕಡೆಗೆ ಸಣ್ಣ ರಂಧ್ರವಿರುವ ವಾಲ್ವನ್ನೇ ಕೊಡಬೇಕಿತ್ತು.

ಆಸಿಡ್ ಟ್ಯಾಂಕಿಗೆ ನಾವಿನ್ನೂ ಒಂದು ಹನಿಯೂ ತುಂಬಿಸಿಲ್ಲ, ತುಂಬಿಸುವುದೂ ಇಲ್ಲ. ಅದರ ಮೈಮೇಲೆ ಐಎಸ್ 12701 ಎಂದು ಅಚ್ಚಾಗಿದೆ. ಅದು ನೀರಿನ ಪಾಲಿಎಥಿಲೀನ್ ಟ್ಯಾಂಕಿನ ಮಾನಕ. 5,000 ಲೀಟರ್ ನೀರು 5 ಟನ್. ಅಷ್ಟೇ ಆಸಿಡ್, ಸಾಪೇಕ್ಷ ಸಾಂದ್ರತೆ 1.84ರಂತೆ, 9.2 ಟನ್. 2 ಮೀಟರ್ ಎತ್ತರ ತುಂಬಿದರೆ ತಳದ ಗೋಡೆಯ ಮೇಲೆ ನೀರಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 0.2 ಕೆ.ಜಿ., ಆಸಿಡ್‌ನದು 0.37. ಜೊತೆಗೆ ಶೇ. 98ರ ಆಸಿಡ್ ಕಾಲಕ್ರಮೇಣ ಪಾಲಿಎಥಿಲೀನನ್ನು ಪೆಡಸು ಮಾಡಿ ಬಿರುಕು ಬಿಡಿಸುತ್ತದೆ. ಫ್ಲಾಂಜಿಗೆ ಹಾಕಿರುವ ಇಪಿಡಿಎಂ ರಬ್ಬರ್ ಗ್ಯಾಸ್ಕೆಟ್ ಹೈಪೋಗಾದರೆ ಸರಿ, ಈ ಆಸಿಡ್‌ಗೆ ಪಿಟಿಎಫ್‌ಇ (ಟೆಫ್ಲಾನ್) ಬೇಕು.

ಈ ಆಸಿಡ್‌ಗೆ ಸವೆತಕ್ಕೆಂದು 3 ಮಿ.ಮೀ. ಹೆಚ್ಚುವರಿ ದಪ್ಪ ಬಿಟ್ಟ ಎಂಎಸ್ (ಸಾದಾ ಉಕ್ಕಿನ) ಟ್ಯಾಂಕು ಕೊಡಿ. ಸಾಂದ್ರ ಆಸಿಡ್ ಉಕ್ಕಿನ ಮೇಲೆ ಸಲ್ಫೇಟ್ ಪೊರೆ ಕಟ್ಟುವುದರಿಂದ ಉಕ್ಕು ಉಳಿಯುತ್ತದೆ. ನೀರು ಬೆರೆತರೆ ಮಾತ್ರ ಆ ಪೊರೆ ನಿಲ್ಲದು: ಉಕ್ಕು ಕರಗಿ ಹೈಡ್ರೋಜನ್ ಬರುತ್ತದೆ. ಬೆಂಗಳೂರಿನ ಮಳೆಗಾಲದ ತೇವವನ್ನು ಆಸಿಡ್ ಗಾಳಿಯಿಂದಲೇ ಹೀರುತ್ತದೆ, ಆದ್ದರಿಂದ ವೆಂಟ್‌ಗೆ (ಗಾಳಿಕಂಡಿಗೆ) ತೇವ ಹಿಡಿಯುವ ಸಿಲಿಕಾ ಜೆಲ್ ಬ್ರೀದರ್ ಕಡ್ಡಾಯ.

ಇವೆಲ್ಲಕ್ಕಿಂತ ನಮ್ಮನ್ನು ಬೆಚ್ಚಿಬೀಳಿಸಿದ್ದು ನಿಮ್ಮ ನಕ್ಷೆ. ಎರಡೂ ಟ್ಯಾಂಕುಗಳನ್ನು, ಸೋರಿದ್ದನ್ನು ಹಿಡಿದಿಡುವ ಒಂದೇ ತಡೆಕಟ್ಟೆಯೊಳಗೆ ಇಟ್ಟು ಒಂದೇ ಚರಂಡಿ ತೋರಿಸಿದ್ದೀರಿ. ಸೋರಿದ ಹೈಪೋ ಆಸಿಡ್‌ಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ಗೋಡೆಗೆ ಗೋಡೆ ತಾಗಿದ ಪೀಣ್ಯದ ಶೆಡ್ಡುಗಳಲ್ಲಿ ಪಕ್ಕದವರಿಗೆ ಓಡಲೂ ಸಮಯ ಸಿಗದು. ನಕ್ಷೆಗೆ ಸಹಿ ಹಾಕಿದವರು ಇದನ್ನು ಗಮನಿಸದೆ ಬಿಟ್ಟದ್ದನ್ನು ನಾವು ಸಣ್ಣ ತಪ್ಪೆಂದು ಒಪ್ಪಲಾರೆವು. ಎರಡಕ್ಕೂ ಬೇರೆ ಬೇರೆ ಕಟ್ಟೆ, ಒಂದೊಂದೂ ಟ್ಯಾಂಕಿನ ಶೇ. 110ರಷ್ಟು ಹಿಡಿಯುವಂತೆ, ಹೊಸ ನಕ್ಷೆಯಲ್ಲಿರಲಿ.

ಎರಡೂ ಟ್ಯಾಂಕುಗಳನ್ನು ನಿಮ್ಮ ಖರ್ಚಿನಲ್ಲಿ ಹಿಂಪಡೆದು 30 ದಿನಗಳೊಳಗೆ ಬದಲಿ ಕೊಡಿ. ಎಫ್‌ಆರ್‌ಪಿ ಟ್ಯಾಂಕಿನ ಜೊತೆ ರೆಸಿನ್ ಬ್ಯಾಚಿನ ಪ್ರಮಾಣಪತ್ರ ಮತ್ತು ಬಾರ್ಕಾಲ್ ಗಡಸುತನದ ಅಳತೆ ಬರಬೇಕು. ರೆಸಿನ್ ಪೂರ್ತಿ ಕ್ಯೂರ್ ಆಗಿದೆಯೇ ಎಂದು ತಿಳಿಸುವ ಅಸಿಟೋನ್ ಪರೀಕ್ಷೆಯನ್ನು ನಮ್ಮೆದುರೇ ಮಾಡಿ. ಒರೆಸಿದ ಜಾಗ ಅಂಟಂಟಾದರೆ ಟ್ಯಾಂಕನ್ನು ಗಾಡಿಯಿಂದ ಇಳಿಸಿಕೊಳ್ಳುವುದಿಲ್ಲ. ಅಲ್ಲಿಯವರೆಗೆ ಬಾಕಿ ಶೇ. 20 ಹಣ ಬಿಡುಗಡೆಯಾಗದು. ಹಳೆಯ ಟ್ಯಾಂಕಿನ ಹೈಪೋವನ್ನು ಕ್ಯಾನುಗಳಿಗೆ ಬದಲಾಯಿಸಿದ್ದೇವೆ. ಒಳಮೈ ನೋಡಲು ನಿಮ್ಮ ಎಂಜಿನಿಯರನ್ನು ಈ ವಾರವೇ ಕಳಿಸಿ.

ಇಂತಿ,
ನಿರ್ವಹಣೆ ಮತ್ತು ಸುರಕ್ಷತಾ ವಿಭಾಗ