ಎದೆಗೂ ಬಳಸಿ ಅಲ್ಟ್ರಾಸೌಂಡ್

ಮಾನ್ಯರೇ,

ವೈರಲ್ ನ್ಯುಮೋನಿಯಾ ಶಂಕೆಯಿರುವ ರೋಗಿಯನ್ನು ಸಿ.ಟಿ. ಸ್ಕ್ಯಾನ್‌ಗೆಂದು ದೂರದೂರಿಗೆ ಕಳಿಸುವ ಮುನ್ನ, ಹಾಸಿಗೆಯ ಪಕ್ಕದಲ್ಲೇ ಎದೆಯ ಅಲ್ಟ್ರಾಸೌಂಡ್ ಮಾಡಬಹುದು. ಎರಡೂ ಬದಿಗಳಲ್ಲಿ ಮುಂದೆ, ಪಕ್ಕ, ಬೆನ್ನು, ಮೇಲೆ-ಕೆಳಗೆ ಸೇರಿ 12 ಜಾಗ ನೋಡಬೇಕು. ಪ್ರತಿ ಜಾಗಕ್ಕೂ ಅಂಕ ಕೊಡಬೇಕು: ಅಡ್ಡಗೆರೆಗಳಷ್ಟೇ ಕಂಡರೆ 0. ಕೆಳಗಿಳಿಯುವ ಬಿಳಿ ಬಿ-ಗೆರೆಗಳು ಮೂರು ಅಥವಾ ಹೆಚ್ಚಿದ್ದರೆ 1. ಅವು ಒಂದರೊಳಗೊಂದು ಕೂಡಿಕೊಂಡರೆ 2. ಶ್ವಾಸಕೋಶ ಯಕೃತ್ತಿನಂತೆ ಗಟ್ಟಿಯಾಗಿ ಕಂಡರೆ 3. ಒಟ್ಟು 36ಕ್ಕೆ ಲೆಕ್ಕ. ಅವಸರದಲ್ಲಿ ಬೆನ್ನನ್ನು ಬಿಡುವುದೇ ದೊಡ್ಡ ತಪ್ಪು. ಕೋವಿಡ್‌ನಲ್ಲಿ ಬೆನ್ನಿನ ಕೆಳಭಾಗವೇ ಹೆಚ್ಚು ಕೆಟ್ಟಿರುತ್ತಿತ್ತು.

ಹೊಟ್ಟೆಯ ಸ್ಕ್ಯಾನ್‌ಗೆ ಇಟ್ಟಿರುವ, ಚಿತ್ರವನ್ನು ನಯಗೊಳಿಸುವ ಫಿಲ್ಟರ್‌ಗಳನ್ನು ಆಫ್ ಮಾಡಬೇಕು, ಇಲ್ಲವಾದರೆ ಬಿ-ಗೆರೆಗಳು ಮಸುಕಾಗುತ್ತವೆ. ಹೃದಯ ವೈಫಲ್ಯದಲ್ಲೂ ಇವೇ ಗೆರೆಗಳು ಬರುತ್ತವೆ. ಆದರೆ ಅಲ್ಲಿ ಎರಡೂ ಬದಿ ಸಮನಾಗಿ, ಪ್ಲೂರಾ (ಶ್ವಾಸಕೋಶದ ಹೊರಪೊರೆ) ಗೆರೆ ನಯವಾಗಿ ಇರುತ್ತದೆ. ವೈರಲ್ ಸೋಂಕಿನಲ್ಲಿ ಅಲ್ಲಲ್ಲಿ ತೇಪೆಯಂತೆ, ಪ್ಲೂರಾ ಒರಟಾಗಿ ಕಾಣುತ್ತದೆ. ಪ್ಲೂರಾವನ್ನು ಮುಟ್ಟದ, ಆಳದ ರೋಗ ಕಾಣುವುದೇ ಇಲ್ಲ. ಹಾಗಾಗಿ ಆಮ್ಲಜನಕ ಕುಸಿಯುತ್ತಿರುವವರನ್ನು ‘ಸ್ಕ್ಯಾನ್ ಚೆನ್ನಾಗಿದೆ’ ಎಂದು ದಯವಿಟ್ಟು ಮನೆಗೆ ಕಳಿಸಬೇಡಿ. ಪ್ರತಿ ರೋಗಿಯ ನಂತರ, ಮೈಮೇಲೆ ಇಡುವ ಪ್ರೋಬ್ ಅನ್ನು ಸೋಂಕುನಾಶಕದಿಂದ ಒರೆಸಲೇಬೇಕು.

ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ನಿಯಮಗಳಿಗೆ ಧಕ್ಕೆಯಾಗದಂತೆ ವಾರ್ಡ್ ವೈದ್ಯರಿಗೆ ಈ ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ.

– ಓದುಗ ವೈದ್ಯರು