ಪುಟ್ಟಿಗೆ, ಮೇಲ್ಪದರದ ವಯಸ್ಸಿನ ಬಗ್ಗೆ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದ. ನಿನ್ನ ಕಾಗದ ಗುರುವಾರ ಬಂತು. ಮನೆ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬರೆಯುವುದಿಲ್ಲ.

ನಾಲ್ಕು ಪುಟದಲ್ಲಿ ಒಂದು ಸಾಲು ನನ್ನನ್ನು ಹಿಡಿದುಕೊಂಡಿದೆ. ‘ನಾನು ತಪ್ಪಾಗಿ ಓದಿ, ಅದು ಯಾರಿಗೂ ಗೊತ್ತೇ ಆಗದಿದ್ದರೆ ಏನು ಮಾಡಲಿ ದೊಡ್ಡಪ್ಪಾ?’ ಅಂತ ಕೇಳಿದ್ದೀಯ. ಎರಡು ರಾತ್ರಿ ನಿದ್ದೆ ಸರಿಯಾಗಿ ಹತ್ತಿಲ್ಲ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಅಂಟಾರ್ಕ್ಟಿಕಾದಲ್ಲಿ ಹಿಮ ಮುಚ್ಚದ ನೆಲವಾದ ಶಿರ್ಮಾಕರ್ ಓಯಸಿಸ್‌ನಲ್ಲಿ, ನಮ್ಮ ದೇಶದ ಮೈತ್ರಿ ಸಂಶೋಧನಾ ನಿಲ್ದಾಣದ ಆಸುಪಾಸು, ನೂರಕ್ಕೂ ಜಾಸ್ತಿ ಕೆರೆಗಳಿವೆ. ಅದರಲ್ಲೊಂದರ ತಳಕ್ಕೆ ಕೊಳವೆ ಇಳಿಸಿ ಹೂಳು ತೆಗೆದಿದ್ದೀರಿ. ಮೇಲ್ಪದರದ ಪಾಚಿ ಮೊನ್ನೆ ಮೊನ್ನೆ ಬೆಳೆದದ್ದು. ಆದರೂ ರೇಡಿಯೋಕಾರ್ಬನ್ ಲೆಕ್ಕದಲ್ಲಿ, ಅಂದರೆ ಉಳಿದಿರುವ ಇಂಗಾಲ-14 ಅಳೆದು ವಯಸ್ಸು ಹೇಳುವ ಲೆಕ್ಕದಲ್ಲಿ, ಅದಕ್ಕೆ ಸಾವಿರ ವರ್ಷ ದಾಟಿದೆ. ಕರಗಿ ಬರುವ ಹಿಮದ ನೀರಿನಲ್ಲಿ ಹಳೆಯ ಗಾಳಿಯ ಇಂಗಾಲ ಇರುತ್ತದೆ. ಕೆರೆಯ ಮೇಲೆ ಮಂಜುಗಡ್ಡೆಯ ಮುಚ್ಚಳ, ಈಗಿನ ಗಾಳಿ ಒಳಗೆ ಬೆರೆಯುವುದು ಕಷ್ಟ. ಪಾಚಿ ಆ ಹಳೆಯದನ್ನೇ ಉಂಡು, ಹುಟ್ಟುವಾಗಲೇ ಮುದಿಯಾಗಿರುತ್ತದೆ.

ಆ ಸಾವಿರವನ್ನು ಕೆಳಗಿನ ಎಲ್ಲ ಪದರಗಳಿಂದಲೂ ಕಳೆದುಬಿಡುವುದು ರೂಢಿ ಅಂದೆ. ನಿನ್ನ ಭಯ ಇರುವುದು ಅಲ್ಲೇ ಅಲ್ವಾ? ಆರು ಸಾವಿರ ವರ್ಷದ ಹಿಂದೆ ಹಿಮದ ಅಂಚು ಕೆರೆಗೆ ಇನ್ನೂ ಹತ್ತಿರ ಇದ್ದಿದ್ದರೆ, ಆಗ ಬೆರೆತ ಹಳೆಯ ಇಂಗಾಲ ಎಷ್ಟೋ ಏನೋ. ಎಲ್ಲದರಿಂದಲೂ ಒಂದೇ ಸಮ ಕಳೆದರೆ, ನೀನು ಬೆಚ್ಚಗಿನ ಕಾಲ ಅಂತ ಗುರುತು ಹಾಕಿದ್ದು ಎಷ್ಟೋ ನೂರು ವರ್ಷ ಆಚೀಚೆ ಆಗಬಹುದು.

ಇಂಗಾಲ-14 ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದೆನೋ. ಆ ಲೆಕ್ಕದ ಹಿಂದೆ, ಎಲ್ಲ ಜೀವಿಗೂ ಆಗಿನ ಕಾಲದ ಗಾಳಿಯೇ ಸಿಕ್ಕಿದೆ ಅನ್ನುವ ನಂಬಿಕೆ ಇದೆ ಎಂದು ಒಂದು ಮಗುವಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಅದು ಈಗ ಚುಚ್ಚುತ್ತದೆ.

ಇನ್ನೊಂದಿದೆ. ನಿನ್ನ ಅಪ್ಪನಿಗೂ ಗೊತ್ತಿಲ್ಲ. ಶಾಲೆಯ ಅಂಗಳದಲ್ಲಿದ್ದ ಮಳೆ ಮಾಪಕ ನನ್ನ ಜವಾಬ್ದಾರಿಯಾಗಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಅಮ್ಮನಿಗೆ ಹುಷಾರಿಲ್ಲದ ವರ್ಷ, ಪುಷ್ಯ ಮಳೆ ಹಿಡಿದುಕೊಂಡಿತ್ತು. ಆಸ್ಪತ್ರೆಯಲ್ಲಿ ಆರು ದಿನ ಉಳಿದೆ. ವಾಪಸ್ ಬಂದಾಗ ಮಾಪಕದ ಬಾಟಲಿ ತುಂಬಿ ಹೊರಗೆ ಚೆಲ್ಲಿತ್ತು. ನೀರನ್ನು ದಾಸವಾಳದ ಬುಡಕ್ಕೆ ಸುರಿದೆ. ಪಕ್ಕದ ತೋಟದವರನ್ನು ಹೇಗಿತ್ತು ಮಳೆ ಅಂತ ಕೇಳಿ, ಆರು ಅಂಕಿ ಬರೆದೆ. ಮಿಲಿಮೀಟರು, ಅದರಾಚೆ ಒಂದು ದಶಾಂಶ ಕೂಡ. ಆ ದಶಾಂಶ ನೆನೆದರೆ ಇವತ್ತಿಗೂ ಮೈ ಬಿಸಿಯಾಗುತ್ತದೆ.

‘ಆರು ದಿನ ಅಳೆದಿಲ್ಲ, ಬಾಟಲಿ ತುಂಬಿ ಚೆಲ್ಲಿದೆ, ಇಷ್ಟಕ್ಕಿಂತ ಕಡಿಮೆಯಂತೂ ಅಲ್ಲ’ ಅಂತ ಬರೆದಿದ್ದರೆ ಸಾಕಿತ್ತು. ಯಾರೂ ಬೈಯುತ್ತಿರಲಿಲ್ಲ. ಕೆಲವು ವರ್ಷದ ಮೇಲೆ ಒಬ್ಬ ಹುಡುಗ ಬಂದು, ಓದಿಗೆ ಬೇಕು ಅಂತ ಪುಸ್ತಕವನ್ನೆಲ್ಲ ನಕಲು ಮಾಡಿಕೊಂಡು ಹೋದ. ಪಕ್ಕದಲ್ಲೇ ಕೂತಿದ್ದೆ. ಆ ಪುಟ ಬಂದಾಗಲೂ ಬಾಯಿ ಬಿಡಲಿಲ್ಲ.

ಅದಕ್ಕೇ ನಿನ್ನ ಸಾಲು ನನ್ನನ್ನು ಬಿಡುತ್ತಿಲ್ಲ. ಯಾರಿಗೂ ಗೊತ್ತಾಗದೆ ಇರಬಹುದು ಪುಟ್ಟಿ, ಅದನ್ನು ಅಲ್ಲಗಳೆಯಲಾರೆ. ಆದರೆ ನೀನು ಹೆದರಿ ಬರೆದಿದ್ದೀಯ. ನಾನು ಹೆದರಲಿಲ್ಲ, ಸುಮ್ನೆ ಬರೆದೆ.

ಹಿಂದೊಮ್ಮೆ ಸೈಬೀರಿಯಾದ ಎಲ್ಗಿಗಿಟ್ಗಿನ್ ಕೆರೆಯ ಬಗ್ಗೆ ಹೇಳಿದ್ದೆಯಲ್ಲ, 36 ಲಕ್ಷ ವರ್ಷದ ಹಿಂದೆ ಉಲ್ಕೆ ಬಿದ್ದು ಆದ ಗುಂಡಿ. ಹಿಮನದಿಗಳು ಅದರ ಮೇಲೆ ಹರಿದು ಕೆರೆದು ಹಾಕಲಿಲ್ಲ, ಹಾಗಾಗಿ ಹೂಳು ಉಳಿಯಿತು. 2009ರಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೇ ಯಂತ್ರ ನಿಲ್ಲಿಸಿ ಕೊರೆದರು. ಒಂದೇ ಜಾಗದಲ್ಲಿ ಮೂರು ತೂತು. ಒಂದರಲ್ಲಿ ತಪ್ಪಿಹೋದ ಪದರ ಇನ್ನೊಂದರಲ್ಲಿ ಸಿಗಲಿ ಅಂತ. ಅಷ್ಟು ಹಳೆಯ ಹೂಳಿಗೆ ಇಂಗಾಲದ ಲೆಕ್ಕ ನಡೆಯುವುದಿಲ್ಲ. ಭೂಮಿಯ ಕಾಂತ ಉತ್ತರ ದಕ್ಷಿಣ ಅದಲುಬದಲಾದ ಗುರುತುಗಳನ್ನು ಕೆಸರಿನಲ್ಲೇ ಹುಡುಕಿದರು. ಸುಮಾರು 7.8 ಲಕ್ಷ ವರ್ಷದ ಹಿಂದಿನ ಅದಲುಬದಲು ಅದರಲ್ಲೊಂದು. ಅಷ್ಟು ದೊಡ್ಡವರೂ ಒಂದೇ ಸಾಕ್ಷಿಯನ್ನು ನಂಬಿ ಕೂರಲಿಲ್ಲ ಅನ್ನುವುದು ನನಗೆ ಸಮಾಧಾನ ಕೊಡುತ್ತದೆ.

ನಿನಗೆ ಹೇಳಿಕೊಡುವಷ್ಟು ನಾನು ಓದಿಲ್ಲ. ಆದರೂ ಕೇಳುತ್ತೇನೆ. ಮೇಲ್ಪದರಕ್ಕೆ ಸೀಸ-210ರ, ಅಂದರೆ ಗಾಳಿಯಿಂದ ಬಂದು ಬೀಳುವ ವಿಕಿರಣ ಸೀಸದ, ಪರೀಕ್ಷೆ ಮಾಡಿಸಿದ್ದೀಯಾ? ಅದು 22 ವರ್ಷಕ್ಕೇ ಅರ್ಧವಾಗುತ್ತದೆ, ನೂರೈವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮುಗಿದೇಹೋಗುತ್ತದೆ. ಮೇಲ್ಪದರದಲ್ಲಿ ಆ ಹೊಸ ಸೀಸ ಸಿಕ್ಕರೆ ಅದು ನಿಜಕ್ಕೂ ಈಗಿನದೇ. ಕೊಳವೆ ಇಳಿಸುವಾಗ ಮೇಲಿನ ಕೆಸರು ಕಲಕಿ ಹೋಗಿಲ್ಲ ಅಂತಾದರೂ ಗಟ್ಟಿಯಾಗುತ್ತದೆ. ನೀನು ಇದನ್ನೆಲ್ಲ ಆಗಲೇ ಮಾಡಿರುತ್ತೀಯ, ಮುದುಕನ ಮಾತು ಅಂತ ಬಿಟ್ಟುಬಿಡು.

ರಾತ್ರಿ ಊಟ ಬಿಟ್ಟು ಲ್ಯಾಬಿನಲ್ಲಿ ಕೂರಬೇಡ. ಮತ್ತೆ, ಕಳೆಯುವ ಮೊದಲಿನ ಅಂಕಿಯನ್ನೂ ಪ್ರಬಂಧದಲ್ಲಿ ಕೊಡು. ಎಷ್ಟು ಕಳೆದೆ, ಯಾಕೆ ಅಷ್ಟೇ ಕಳೆದೆ ಅಂತ ಒಂದು ಸಾಲು ಬರೆ. ಉದ್ದವಾಯಿತು ಅಂತ ಯಾರಾದರೂ ಅಂದರೂ ಬರೆ. ಕೋರನ್ನು, ಅಂದರೆ ಕೊಳವೆಯಲ್ಲಿ ಬಂದ ಹೂಳಿನ ಕಂಬವನ್ನು, ಉದ್ದಕ್ಕೆ ಸೀಳಿ ಅರ್ಧ ಹಾಗೇ ಎತ್ತಿಡುತ್ತೀರಿ ಅಂದಿದ್ದೆ. ಆ ಅರ್ಧ ಇರುವಷ್ಟು ದಿನ ನಿನ್ನ ತಪ್ಪನ್ನು ಇನ್ನೊಬ್ಬರು ನೋಡಬಹುದು. ನನ್ನ ಬಾಟಲಿಯ ನೀರು ದಾಸವಾಳಕ್ಕೆ ಹೋಯಿತು.

ಮಳೆ ಪುಸ್ತಕದ ಒಂದು ಪ್ರತಿ ಅಟ್ಟದ ಪೆಟ್ಟಿಗೆಯಲ್ಲಿತ್ತು. ನಿನ್ನೆ ತೆಗೆದು, ಆ ಆರು ಅಂಕಿಗಳ ಪಕ್ಕ ‘ಅಂದಾಜು, ಅಳೆದದ್ದಲ್ಲ’ ಎಂದು ಬರೆದು ಸಹಿ ಹಾಕಿದೆ. ಆ ಹುಡುಗನ ವಿಳಾಸ ಹುಡುಕುತ್ತಿದ್ದೇನೆ.

ಮೇಲ್ಪದರವನ್ನು ಎರಡನೇ ಸಲ ಪರೀಕ್ಷೆಗೆ ಕಳಿಸಿದ್ದೇನೆ ಅಂದಿದ್ದೀಯ. ಎಷ್ಟು ಬಂತು ಅಂತ ನನಗೂ ಬರೆ.

ಇಂತಿ ನಿನ್ನ
ದೊಡ್ಡಪ್ಪ