ನಿನ್ನ ಡ್ಯಾನ್ಸ್ ಕ್ಲಾಸಿಗೆ ಯಾರನ್ನು ಸೇರಿಸಿಕೊಳ್ಳುತ್ತೀಯ, ಮಂಜು?

ದಾವಣಗೆರೆ

ಪ್ರಿಯ ಮಂಜು,

ಚಿತ್ರದುರ್ಗದಲ್ಲಿ ಮಹಡಿ ಮೇಲೆ ಹಾಲ್ ಸಿಕ್ಕಿತು, ಮುಂಗಡವನ್ನೂ ಕೊಟ್ಟಾಯಿತು ಎಂದು ಬರೆದಿದ್ದೀಯ. ಸಂತೋಷ. ಬೋರ್ಡು ಬರೆಸುವ ಮೊದಲೇ ಕಲಿಸುವವರ ವಿಚಾರ ಎತ್ತಿದೆಯಲ್ಲ, ಅದು ಇನ್ನೂ ಸಂತೋಷ. ನಮ್ಮ ಊರಲ್ಲಿ ಮೊದಲು ಕನ್ನಡಿ, ಸ್ಪೀಕರ್, ಬಣ್ಣದ ದೀಪ ಬರುತ್ತವೆ. ಮಾಸ್ತರು ಯಾರು ಎಂಬುದು ಕೊನೆಗೆ ನೆನಪಾಗುತ್ತದೆ.

ನಿನ್ನ ಮುಂದೆ ಇಬ್ಬರಿದ್ದಾರೆ. ಟಿ.ವಿ. ಸ್ಪರ್ಧೆಯಲ್ಲಿ ಕುಣಿದು ಹೆಸರು ಮಾಡಿದ ಹುಡುಗ ಒಬ್ಬ. ಭರತನಾಟ್ಯದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿ, ಮಕ್ಕಳನ್ನು ತಿಂಗಳುಗಟ್ಟಲೆ ತಟ್ಟಡವಿನಲ್ಲೇ, ಅಂದರೆ ನೆಲ ತಟ್ಟುವ ಮೊದಲ ಪಾಠದಲ್ಲೇ, ನಿಲ್ಲಿಸುವ ಮೇಡಂ ಇನ್ನೊಬ್ಬರು. ಹುಡುಗನ ಹೆಸರು ಕೇಳಿ ಜನ ಬರುತ್ತಾರೆ, ಮೇಡಂ ಹತ್ತಿರ ಬಂದವರು ಬೇಸತ್ತು ಬಿಟ್ಟುಹೋಗುತ್ತಾರೆ ಎಂಬುದು ನಿನ್ನ ಲೆಕ್ಕ. ಬಾಡಿಗೆ ಕಟ್ಟುವವನ ಲೆಕ್ಕ, ಅದನ್ನು ತಪ್ಪೆನ್ನಲಾರೆ. ಆದರೂ ಅವನ ವಿಡಿಯೊಗಳನ್ನೂ ಅವರ ಪ್ರಮಾಣಪತ್ರಗಳನ್ನೂ ಸ್ವಲ್ಪ ಪಕ್ಕಕ್ಕಿಡು. ಏನೂ ಕಲಿಯದ ಹತ್ತಾರು ಮಕ್ಕಳನ್ನು ಕೂಡಿಸಿ, ಇಬ್ಬರಿಗೂ ಒಂದೊಂದು ಗಂಟೆ ಕೊಡು. ಮೂಲೆಯಲ್ಲಿ ಕುಳಿತು ಕೊನೆಯ ಸಾಲನ್ನು ಮಾತ್ರ ನೋಡು.

ಕೊನೆಯ ಸಾಲಿನಲ್ಲಿ ಪಕ್ಕದವಳ ಕಾಲು ನೋಡಿಕೊಂಡೇ ಕುಣಿಯುವ ಮಗು ಒಂದು ಇದ್ದೇ ಇರುತ್ತದೆ. ಅದರ ಬಲಗಾಲು ಬೀಳುವಷ್ಟರಲ್ಲಿ ಉಳಿದವರು ಎಡಕ್ಕೆ ಹೋಗಿರುತ್ತಾರೆ. ಕೆಲವು ಶಿಕ್ಷಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕೆಲವರು ಹೆಸರು ಹಿಡಿದು ಕೂಗಿ, ಇಡೀ ತರಗತಿ ತಿರುಗಿ ನೋಡುವಂತೆ ಮಾಡುತ್ತಾರೆ. ಮರುವಾರ ಮಗುವಿಗೆ ಹೊಟ್ಟೆನೋವು. ಇಲ್ಲಿ ನಮ್ಮ ಕ್ಲಾಸಿನಲ್ಲಿ ಸಿನಿಮಾ ಹಾಡುಗಳನ್ನಷ್ಟೇ ಕಲಿಸುವ ಹುಡುಗಿಯೊಬ್ಬಳಿದ್ದಾಳೆ. ಅವಳು ಏನೂ ಹೇಳದೆ ಸಾಲುಗಳನ್ನು ಅದಲುಬದಲು ಮಾಡಿಬಿಡುತ್ತಾಳೆ. ಹಿಂದಿದ್ದವರು ಮುಂದೆ ಬಂದ ಮೇಲೆ ಆ ಮಗುವಿಗೆ ನೋಡಿಕೊಳ್ಳಲು ಯಾರ ಕಾಲೂ ಇರುವುದಿಲ್ಲ. ಆಗ ಹಾಡು ನಿಲ್ಲಿಸಿ, ಒಂದರಿಂದ ಎಂಟರವರೆಗೆ ಬಾಯಲ್ಲಿ ಎಣಿಸುತ್ತಾ, ಮೊದಲು ಕಾಲಷ್ಟೇ. ಕಾಲು ಕುಳಿತ ಮೇಲೆ ಕೈ. ಎರಡೂ ಕೂಡಿದ ಮೇಲೆ ಕಣ್ಣು, ನಗು. ಹಾಡು ಮತ್ತೆ ಶುರುವಾಗುವಷ್ಟರಲ್ಲಿ ಮಗು ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ.

ಅವಳು ಭರತನಾಟ್ಯದ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೋಲಿನಿಂದ ತಾಳ ತಟ್ಟುವ ಮರದ ಮಣೆ, ಆ ತಟ್ಟುಮಣೆಯ ಮುಂದೆ ಕುಳಿತ ಗುರು ಮಾಡುವುದೂ ಇದನ್ನೇ. ಕೋಲು ಗುರುವಿನ ಕೈಯಲ್ಲಿರುತ್ತದೆ, 'ತೈಯಾ ತೈ' ಬಾಯಲ್ಲಿರುತ್ತದೆ. ಮಗು ತಡವರಿಸಿದರೆ ತಾಳವೇ ಒಂದಿಷ್ಟು ನಿಂತು ಕಾಯುತ್ತದೆ. ಒಂದನೇ ಕಾಲ, ಅಂದರೆ ನಿಧಾನದ ವೇಗ, ಹಸನಾದ ಮೇಲೆ ಎರಡನೆಯದು, ಅದಾದ ಮೇಲೆ ಮೂರನೆಯದು. ಮೊಬೈಲ್‌ನಿಂದ ಬರುವ ಹಾಡು ಯಾರಿಗೂ ಕಾಯುವುದಿಲ್ಲ. ಮೊದಲ ದಿನದಿಂದಲೇ ಹಾಡು ಹಾಕುವವರ ತರಗತಿಯಲ್ಲಿ ಮಕ್ಕಳು ಕಲಿಯುವುದು ಓಡುವುದನ್ನು. ನಾನು ಮೊದಲು ಗಮನಿಸುವುದು ಇದನ್ನೇ: ಹಾಡನ್ನು ನಿಲ್ಲಿಸುವ ಧೈರ್ಯ ಈ ಮನುಷ್ಯನಿಗೆ ಇದೆಯೇ?

ಧೈರ್ಯ ಎಂದದ್ದು ಬೇಕೆಂದೇ. ಡಿಸೆಂಬರ್ ಬಂದರೆ ಶಾಲೆಗಳ ಗ್ಯಾದರಿಂಗ್ ಹಾವಳಿ ನಿನಗೇ ಗೊತ್ತಾಗುತ್ತದೆ. ಹೋದ ವರ್ಷ ಇಲ್ಲಿನ ಒಂದು ಶಾಲೆಯವರು ಒಂದು ತರಗತಿಯ ಅಷ್ಟೂ ಮಕ್ಕಳನ್ನು ಒಪ್ಪಿಸಿ, ವಾರದಲ್ಲಿ ಮೂರು ಹಾಡು ತಯಾರಾಗಬೇಕು ಎಂದರು. ಒಪ್ಪಿಕೊಂಡೆವು, ದುಡ್ಡೂ ಬಂತು, ಮಕ್ಕಳೂ ಚೆನ್ನಾಗಿಯೇ ಕಂಡರು. ಆದರೆ ಆ ಮೂರು ಹಾಡು ಬಿಟ್ಟು ನಾಲ್ಕನೆಯದನ್ನು ಹಾಕಿದ್ದರೆ ಒಂದು ಮಗುವಿಗೂ ಹೆಜ್ಜೆ ಬರುತ್ತಿರಲಿಲ್ಲ. ಹಾಡು ಕೂರಿಸುವ ಕೆಲಸ ಬೇರೆ, ಕುಣಿತ ಕಲಿಸುವ ಕೆಲಸ ಬೇರೆ. ಹೊಟ್ಟೆಪಾಡಿಗೆ ಮೊದಲನೆಯದನ್ನೂ ಮಾಡು. ಎರಡನ್ನೂ ಒಂದೇ ಎಂದು ನಂಬಿದವರನ್ನು ಮಾತ್ರ ಸೇರಿಸಿಕೊಳ್ಳಬೇಡ.

ಶಾಸ್ತ್ರೀಯದವರೆಲ್ಲ ಇದರಿಂದ ಪಾರಾಗಿದ್ದಾರೆ ಎಂದುಕೊಳ್ಳಬೇಡ. ನೃತ್ಯದ ಜೂನಿಯರ್ ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಉರು ಹೊಡೆಸಿ ಕಳುಹಿಸುವ ತರಗತಿಗಳೂ ಇವೆ. ತಂಜಾವೂರಿನ ನಾಲ್ವರು ಸಹೋದರರು 19ನೇ ಶತಮಾನದಲ್ಲಿ ಭರತನಾಟ್ಯ ಕಛೇರಿಯ ಕ್ರಮ ಕಟ್ಟಿಕೊಟ್ಟರಲ್ಲ, ಅವರಲ್ಲಿ ಚಿನ್ನಯ್ಯ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ಆ ಕ್ರಮವನ್ನೇ ಪಾಠದ ಕ್ರಮ ಎಂದುಕೊಂಡು ನೋಡು. ಮೊದಲ ನೃತ್ಯವಾದ ಅಲರಿಪ್ಪಿನಲ್ಲಿ ಕಣ್ಣು, ಕುತ್ತಿಗೆ, ಭುಜ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆಮೇಲಿನ ಜತಿಸ್ವರದಲ್ಲಿ ಬರೀ ಲಯ, ಸಾಹಿತ್ಯದ ಭಾರವಿಲ್ಲ. ಮಾತು, ಅಭಿನಯ ಬರುವುದು ಅದರ ಮುಂದಿನ 'ಶಬ್ದ' ಎಂಬ ನೃತ್ಯದಲ್ಲಿ. ಲಯ, ಅಭಿನಯ ಎರಡನ್ನೂ ಒಟ್ಟಿಗೆ ಹೊರಬೇಕಾದ 'ವರ್ಣ' ಅದಾದ ಮೇಲೆ. ಇದನ್ನು ಅರ್ಥಮಾಡಿಕೊಂಡ ಶಿಕ್ಷಕಿ, ಮಗು ಏಕೆ ಇನ್ನೂ ತಟ್ಟಡವಿನಲ್ಲಿದೆ ಎಂದು ತಾಯಿಗೆ ತಿಳಿಹೇಳಬಲ್ಲಳು. ಅರ್ಥವಾಗದವರು "ನಮ್ಮ ಗುರುಗಳೂ ಹೀಗೇ ಕಲಿಸಿದರು" ಎನ್ನುತ್ತಾರೆ. ನಿನ್ನ ಮೇಡಂ ಯಾವ ಉತ್ತರ ಕೊಡುತ್ತಾರೆ, ಕೇಳಿ ನೋಡು. ಬ್ಯಾಲೆಯಲ್ಲೂ ಚೆಕೆಟ್ಟಿ ಎಂಬ ಇಟಲಿಯ ಗುರು ವಾರದ ದಿನಕ್ಕೊಂದು ಅಭ್ಯಾಸದ ಕಟ್ಟು ಮಾಡಿಟ್ಟಿದ್ದ. ಕ್ರಮದ ಹುಚ್ಚು ನಮ್ಮವರಿಗಷ್ಟೇ ಇದ್ದದ್ದಲ್ಲ.

ಆದರೆ ಹಳೆಯ ತಾಳ್ಮೆಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಡಲಾಗದು. ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಭರತನಾಟ್ಯ ಕಲಾವಿದೆ ವೆಂಕಟಲಕ್ಷಮ್ಮನವರು ಎಳೆವಯಸ್ಸಿನಲ್ಲೇ ಮೈಸೂರಿಗೆ ಹೋಗಿ ಗುರು ಜಟ್ಟಿ ತಾಯಮ್ಮನವರ ಬಳಿ ವರ್ಷಗಟ್ಟಲೆ ಕಲಿತರು. ನಮ್ಮ ಮಕ್ಕಳು ಬರುವುದು ವಾರಕ್ಕೆ ಎರಡು ಸಂಜೆ, ಅದೂ ಟ್ಯೂಷನ್ ಮುಗಿಸಿ, ಮಂಡಕ್ಕಿ ಮಿರ್ಚಿ ತಿಂದ ಹೊಟ್ಟೆಯಲ್ಲಿ. ಗಂಟೆಪೂರ್ತಿ ತಟ್ಟಿಸಿದರೆ ಯಾರು ಉಳಿಯುತ್ತಾರೆ? ಮುಕ್ಕಾಲು ಗಂಟೆ ಅಡವು, ಅಂದರೆ ಮೂಲ ಹೆಜ್ಜೆಗಳನ್ನು ಮಾಡಿಸಿ, ಕೊನೆಯ ಕಾಲು ಗಂಟೆ ಅದೇ ಅಡವುಗಳಿಂದ ಪುಟ್ಟದೊಂದು ಜತಿಯನ್ನು, ಅಂದರೆ ತಾಳಕ್ಕೆ ಕೂಡಿಸಿದ ಹೆಜ್ಜೆಗಳ ಸರಣಿಯನ್ನು, ಮಕ್ಕಳ ಕೈಯಲ್ಲೇ ಕಟ್ಟಿಸುವವರನ್ನು ಕಂಡಿದ್ದೇನೆ. ಅಂಥವರ ಹತ್ತಿರ ಮಕ್ಕಳು ನಿಲ್ಲುತ್ತಾರೆ.

ಇನ್ನು ಮಂಡಿಯ ಮಾತು. ಇದರಲ್ಲಿ ನಾನು ಹಟಮಾರಿ. ಮಂಡಿ ಬಗ್ಗಿಸಿ ಅರ್ಧ ಕೂರುವ ಅರೆಮಂಡಿಯಲ್ಲಿ ಕಾಲು ತೆರೆಯಬೇಕಾದದ್ದು ಸೊಂಟದ ಕೀಲಿನಿಂದ. ಪಾದವನ್ನಷ್ಟೇ ಹೊರಕ್ಕೆ ತಿರುಗಿಸಿ ಕುಳ್ಳಿರಿಸಿದರೆ ಮಂಡಿ ಒಳಕ್ಕೆ ಬಾಗಿ ತಿರುಚಿಕೊಳ್ಳುತ್ತದೆ. ಮಂಡಿ ಪಾದದ ಬೆರಳುಗಳ ದಿಕ್ಕಿನಲ್ಲೇ ಇದೆಯೇ ಎಂದು ನೋಡದೆ "ಇನ್ನೂ ಕೂರು, ಇನ್ನೂ ಕೂರು" ಎಂದು ಹೆಗಲು ಒತ್ತುವವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಬೇಡ. ಮುಟ್ಟಿ ತಿದ್ದುವ ಮೊದಲು ಮಗುವನ್ನು ಕೇಳಬೇಕು. ಇದನ್ನು ಇಬ್ಬರಿಗೂ ಮೊದಲ ದಿನವೇ ಹೇಳು, ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತ ತಂದೆತಾಯಿಯರ ಎದುರಿಗೇ ಹೇಳು.

ಕನ್ನಡಿಗೊಂದು ಪರದೆ ಹಾಕಿಸು. ಕಲಿಯುವಾಗ ತೆಗೆ, ಕಲಿತ ಮೇಲೆ ಮುಚ್ಚು. ಕನ್ನಡಿ ನೋಡಿಯೇ ಕಲಿತ ಮಕ್ಕಳು ತರಾಸು ರಂಗಮಂದಿರದ ವೇದಿಕೆ ಹತ್ತಿದಾಗ, ಎದುರಿಗೆ ಬರೀ ಜನ ಕಂಡು ಹೆಜ್ಜೆ ಮರೆಯುತ್ತಾರೆ. ನಮ್ಮದಕ್ಕೆ ಅಮ್ಮನ ಹಳೆಯ ಸೀರೆಗಳೇ ಪರದೆ.

ಇಷ್ಟೆಲ್ಲ ನೋಡಿದ ಮೇಲೆ ಟಿ.ವಿ. ಹುಡುಗನೇ ಗೆದ್ದರೆ ಅವನನ್ನೇ ಸೇರಿಸಿಕೋ, ನನ್ನ ತಕರಾರಿಲ್ಲ. ಇಬ್ಬರೂ ಗೆದ್ದರೆ ದಿನ ಹಂಚು. ಇಬ್ಬರೂ ಸೋತರೆ ಒಂದೆರಡು ತಿಂಗಳು ಬಾಡಿಗೆ ದಂಡವಾದರೂ ಸರಿ, ಕಾಯಿ. ಮತ್ತೆ, ಆ ಹಾಲಿನ ನುಣುಪು ಟೈಲ್ಸ್ ಮೇಲೆ ಮಕ್ಕಳನ್ನು ಕುಣಿಸಬೇಡ. ಕೆಳಗೆ ಬರೀ ಕಾಂಕ್ರೀಟ್, ತಟ್ಟಿದ ಪೆಟ್ಟೆಲ್ಲ ಮೊಣಕಾಲಿಗೇ ವಾಪಸು. ರಬ್ಬರ್ ಹಾಸಿ ಮೇಲೆ ಹಲಗೆ ಕೂರಿಸಿದರೆ ಕೆಳಗಿನ ಮಾಲೀಕರ ಬೈಗುಳವೂ ತಪ್ಪುತ್ತದೆ. ನಮಗೆ ಮಾಡಿಕೊಟ್ಟ ಬಡಗಿ ಈಗ ನಿಮ್ಮ ಕಡೆಯೇ ಕೆಲಸ ಹಿಡಿದಿದ್ದಾನಂತೆ. ಹಾಲಿನ ಉದ್ದ ಅಗಲ ಅಳೆದು ಕಳುಹಿಸು, ಮಾತಾಡಿಸುತ್ತೇನೆ.

ನಿನ್ನ,
ಶಿವು